ಮಂಗಟ್ಟೆಗೆ ಉಣಿಸುವ ಸರದಿ

2061 ಮಾರ್ಚ್ 14, ಬೆಳಿಗ್ಗೆ 7 ಗಂಟೆ 10 ನಿಮಿಷ. ದಾಂಡೇಲಿ ಕಾಡಿನ ಗಂಡು ಮಂಗಟ್ಟೆ ಹಕ್ಕಿಗಳೆಲ್ಲ ಸತ್ತ ಮೇಲೆ, ಪೊಟರೆಯ ಬಾಯಿಗೆ ಮಣ್ಣು ಮೆತ್ತಿಕೊಂಡು ಮೊಟ್ಟೆಯ ಮೇಲೆ ಕೂತ ಹೆಣ್ಣುಗಳಿಗೆ ಊರವರೇ ಸರದಿಯಲ್ಲಿ ಉಣಿಸುತ್ತಿದ್ದರು. ಉಳಿದಿದ್ದ ಒಂದೇ ಹೆಣ್ಣು ಈಗ ಲೂಸಿಯಾಳ ಪಾಲಿಗಿತ್ತು; ಅದು ಎರಡು ದಿನದಿಂದ ಏನನ್ನೂ ಮುಟ್ಟಿರಲಿಲ್ಲ.

ಉದ್ದನೆಯ ಗಳದ ತುದಿಯಲ್ಲಿ, ಗಂಡು ಹಕ್ಕಿಯದರಂತೆ ಹಳದಿ ಬಳಿದ ಮರದ ಕೊಕ್ಕಿಗೆ ಅತ್ತಿಹಣ್ಣು ಸಿಕ್ಕಿಸಿ, ಅವಳು ಅದನ್ನು ಪೊಟರೆಯ ಸೀಳಿಗೆ ಹಿಡಿದಳು. ಹಕ್ಕಿ ಕೊಕ್ಕು ಚಾಚಲಿಲ್ಲ.

"ಹೇಳ್ದೆ ಕೇಳ್ದೆ ಬಾಯಿಗೆ ತುರುಕೋ ಗಂಡನ ಕೈಲಿ ಯಾರ್ ತಿಂತಾರೆ, ವೈನಿ?" ನಾದಿನಿ ರೊಜಾಲಿನ್ ನಕ್ಕಳು. "ನಮ್ಮನೆಯೋನಾದ್ರೂ ಬಾಗಿಲು ಬಡೀತಾನೆ."

ಲೂಸಿಯಾಳಿಗೆ ತಟ್ಟನೆ ನೆನಪಾಯಿತು. ಗಂಡು ಹಕ್ಕಿ ಉಣಿಸುವ ಮುನ್ನ ಕಾಂಡ ಕುಟ್ಟುತ್ತಿತ್ತು! ಅವಳು ಕೊಕ್ಕಿನಿಂದ ಕಾಂಡಕ್ಕೆ ಎರಡು ಸಲ ಕುಟ್ಟಿ, ಹಣ್ಣನ್ನು ಮತ್ತೆ ಸೀಳಿಗೆ ಹಿಡಿದು ಕಾದಳು. ಒಳಗೇನೋ ಸರಿದಾಡಿತು. ಹಕ್ಕಿ ತಿಂದದ್ದನ್ನು ಲೆಕ್ಕವಿಡಲು ಗಳಕ್ಕೆ ಕಟ್ಟಿದ್ದ ಪುಟ್ಟ ತೂಕದ ಯಂತ್ರ ತೋರಿಸಿತು: ತಿಂದ ಹಣ್ಣು ಹದಿನೆಂಟು ಗ್ರಾಂ.