ಐದನೇ ಮಗ್ಗ

"ಶರೀಫಮ್ಮ, ದಯವಿಟ್ಟು ಆ ಸ್ಪ್ಯಾನರ್ ಕೆಳಗಿಡಿ," ಎಂದು ಅಕ್ಷತ ಅಂಗಲಾಚಿದಳು.

ದೊಡ್ಡಬಳ್ಳಾಪುರದ ಆ ಶೆಡ್ಡಿನಲ್ಲಿ ಹನ್ನೆರಡು ಪವರ್‌ಲೂಮ್ ಒಟ್ಟಿಗೆ ಬಡಿಯುವಾಗ ಯಾರ ಅಂಗಲಾಚುವಿಕೆ ಯಾರಿಗೆ ಕೇಳಬೇಕು! ಒಡತಿ ಶರೀಫುನ್ನೀಸಾ ಐದನೇ ಮಗ್ಗದ ಮೇಲೆ ಅಂಗೈ ಇಟ್ಟು ನಡುಕ ನೋಡಿದರು, ಸ್ವಿಚ್ ಆರಿಸಿದರು, ಸಡಿಲವಾಗುತ್ತಿದ್ದ ಬೋಲ್ಟನ್ನು ಬಿಗಿದರು. ಅಲ್ಲಿಗೆ ಅಕ್ಷತಳ ಈ ವಾರವೂ ಹಾಳಾಯಿತು.

ವಿಶ್ವವಿದ್ಯಾಲಯದ ಲ್ಯಾಬಿನಲ್ಲಿ ನಾಲ್ಕು ವರ್ಷ ಕೂತು ಅವಳು ಮಾಡಿದ, ಮೆಮ್ಸ್ ಎಂಬ ಸೂಕ್ಷ್ಮಯಂತ್ರದ ಚಿಪ್ ಅಕ್ಕಿಕಾಳಿಗಿಂತ ಚಿಕ್ಕದು. ಅದು ಮಗ್ಗದ ನಡುಕ ಹಿಡಿದು, ಕೆಡುವ ಮುಂಚೆಯೇ ಹೇಳಬೇಕು. ಸರಿ, ಆದರೆ ಕೆಡುವ ಮಗ್ಗ ಹೇಗೆ ನಡುಗುತ್ತದೆಂದು ಅದಕ್ಕೆ ಕಲಿಸಲು ಒಂದು ಸಲವಾದರೂ ಮಗ್ಗ ಕೆಡಬೇಕಲ್ಲ? ಅದಕ್ಕೇ ಶೆಡ್ಡಿನಲ್ಲೇ ಅತಿ ಹಳೆಯದಾದ ಈ ಐದನೇ ಮಗ್ಗ ಹುಡುಕಿ ಚಿಪ್ಪಿನ ಡಬ್ಬಿ ಕೂರಿಸಿದ್ದು. ಮೂರು ತಿಂಗಳಾದ ಮೇಲೇ ಬಿಚ್ಚಬೇಕೆಂದು, ಅವಳ ಸಂಶೋಧನೆಗೆ ಹಣ ಕೊಡುತ್ತಿದ್ದ ಕಂಪನಿಯವರು ಸೀಲು ಹಾಕಿದ್ದರು. ನಾಳೆಗೆ ಗಡುವು ಮುಗಿಯುತ್ತದೆ. ಏನೂ ತೋರಿಸದಿದ್ದರೆ ಒಪ್ಪಂದ ರದ್ದು, ಅವಳ ಪಿಎಚ್‌ಡಿಯೂ ಅರ್ಧಕ್ಕೇ ನಿಂತಂತೆ.

"ಒಂದೇ ಒಂದು ಸಲ ಕೆಡೋಕೆ ಬಿಡಿ ಅಂತ ಎಷ್ಟು ಸಲ ಹೇಳ್ಲಿ?" ಎಂದು ಅಕ್ಷತ ಅವರ ಕಿವಿಯ ಹತ್ತಿರ ಬಂದು ಕೂಗಿದಳು.

"ಏನ್ ಬೇಟಾ ನೀನು, ಜ್ವರ ಬರ್ತದೆ ಅಂತ ಗೊತ್ತಿದ್ದೂ ಮಗೂನ ಮಳೇಲಿ ನಿಲ್ಲಿಸ್ತಾರಾ? ನನ್ ಕೈಲಾಗಲ್ಲಮ್ಮ."

ಮರುದಿನ ಕಂಪನಿಯ ವೇಣುಗೋಪಾಲ್ ಬಂದರು. ಅಕ್ಷತ ತಲೆ ತಗ್ಗಿಸಿ, "ಮೂರು ತಿಂಗಳಲ್ಲಿ ಮಗ್ಗ ಒಂದು ಸಲಾನೂ ಕೆಡಲಿಲ್ಲ ಸರ್," ಎಂದಳು.

"ಒಂದು ಸಲಾನೂ?" ಅವರ ಮುಖ ಅರಳಿತು. "ಇಂಥ ಓಬೀರಾಯನ ಕಾಲದ್ದು? ಚಿಪ್ ಕೂರಿಸಿದ ಮೇಲೆ ಕೆಟ್ಟೇ ಇಲ್ಲ ಅಂದ್ರೆ ಇನ್ನೇನ್ರೀ ಬೇಕು ನಮಗೆ?"

ಡಬ್ಬಿಯ ಸೀಲು ಒಡೆಯುವ ಗೋಜಿಗೂ ಹೋಗದೆ, ಒಪ್ಪಂದವನ್ನು ಇನ್ನೆರಡು ವರ್ಷಕ್ಕೆ ಮುಂದುವರಿಸುವುದಾಗಿ ಹೇಳಿ, ಮಗ್ಗದ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು. ಅಕ್ಷತ ಶರೀಫಮ್ಮನ ಅಂಗೈ ವಿಷಯ ಹೇಳಲು ಬಾಯಿ ತೆರೆದವಳು ಪಿಎಚ್‌ಡಿ ನೆನಪಾಗಿ ಮುಚ್ಚಿಕೊಂಡಳು. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ನಿರಾಳವಾಯಿತು.

ಕಾರು ಹೊರಟ ಮೇಲೆ ಶರೀಫುನ್ನೀಸಾ ಅವಳನ್ನು ಪಕ್ಕಕ್ಕೆ ಕರೆದು, ಡಬ್ಬಿಯ ಹಿಂಬದಿಯಲ್ಲಿ ನೇತಾಡುತ್ತಿದ್ದ ತಂತಿ ತೋರಿಸಿದರು.

"ಬೇಜಾರು ಮಾಡ್ಕೋಬೇಡ ಬೇಟಾ. ಇದರ ಬ್ಯಾಟರಿ ತಂತಿ ಕಿತ್ಕೊಂಡು ತಿಂಗಳಾಯ್ತು. ನೀನೇ ಕೆಡೋಕೆ ಬಿಡಿ ಅಂತಿದ್ಯಲ್ಲ, ಅದಕ್ಕೇ ಇದೊಂದನ್ನ ಮುಟ್ಟದೆ ಬಿಟ್ಟೆ."