ಭೂಗೋಳದ ಮೇಷ್ಟ್ರು ಅಳೆದ ದೂರ

ಅಮ್ಮ ಯಾರನ್ನೋ ಗುಟ್ಟಾಗಿ ಭೇಟಿಯಾಗುತ್ತಿದ್ದಾರೆ ಎಂಬುದು ಭೂಗೋಳದ ಮೇಷ್ಟ್ರಿಗೆ ಆ ಬುಧವಾರ ಸಂಜೆ ಖಾತ್ರಿಯಾಯಿತು. ಅರವತ್ತೆಂಟರ ಹೆಂಗಸು ಅಡುಗೆಮನೆಯಲ್ಲಿ ಸಿಳ್ಳೆ ಹಾಕುತ್ತಿದ್ದರು.

ಇದು ಮೂರನೆಯ ಬುಧವಾರ. ಬುಧವಾರ ಬಂತೆಂದರೆ ಬೆಳಗ್ಗೆಯೇ ಒಳ್ಳೆಯ ಬಟ್ಟೆ, ಹೊಸ ಬೂಟು. ಫೋನ್ ಮಾಡಿದರೆ ಸ್ವಿಚ್ ಆಫ್. ಸಂಜೆಗೆ ಕೆದರಿದ ಕೂದಲು. ಇವತ್ತಂತೂ ಕತ್ತಿನ ಮೇಲೆ ಕೆಂಪು ಗೀರು ಬೇರೆ.

"ಏನಮ್ಮಾ ಅದು?"

"ಸೊಳ್ಳೆ ಕಣೋ."

"ಉಗುರಿರೋ ಸೊಳ್ಳೆನಾ?"

"ಹ್ಞೂಂ. ಬಲು ತುಂಟ," ಎಂದು ನಕ್ಕರು ಅಮ್ಮ.

ಪಾರ್ಕಿನಲ್ಲಿ ಟೋಪಿ ಹಾಕಿಕೊಂಡು ಅಡ್ಡಾಡುವ ನಿವೃತ್ತ ದಂತವೈದ್ಯನ ಮುಖ ಮೇಷ್ಟ್ರ ಕಣ್ಣ ಮುಂದೆ ಬಂತು. ಅಮ್ಮನನ್ನು ಕಂಡಾಗಲೆಲ್ಲ ಆಸಾಮಿ ಮೂವತ್ತೆರಡೂ ಹಲ್ಲು ಕಿರಿಯುತ್ತಿದ್ದ. ಅಮ್ಮ ಅವನ ಮನೆ ಸೇರಿಬಿಟ್ಟರೆ? ನಲವತ್ತನಾಲ್ಕರ ಬ್ರಹ್ಮಚಾರಿ ಮೇಷ್ಟ್ರಿಗೆ ಮೊಟ್ಟೆ ಬೇಯಿಸಲೂ ಬರುತ್ತಿರಲಿಲ್ಲ. ಅದು ಹಾಗಿರಲಿ, ಒಬ್ಬರೇ ಕೂತು ಉಣ್ಣುವುದನ್ನು ನೆನೆದರೇ ಅವರಿಗೆ ಅಳು ಬರುತ್ತಿತ್ತು.

ಈ ಭಯ ಹಳೆಯದೇ. ಐದು ತಿಂಗಳ ಹಿಂದೆ ತಂಗಿ ಹೆತ್ತಾಗ ಅಮ್ಮ ಹೊರಟು ನಿಂತಿದ್ದರು. ಹೋದವರು ಅಲ್ಲೇ ಬೀಡುಬಿಟ್ಟರೆ ತನ್ನ ಗತಿಯೇನೆಂದು ಮೇಷ್ಟ್ರು ಅಟ್ಲಾಸ್ ಬಿಚ್ಚಿ ಪಾಠವನ್ನೇ ಮಾಡಿದ್ದರು. ತಂಗಿಯ ಊರಿಗೆ ಐನೂರ ಎಂಬತ್ತು ಕಿಲೋಮೀಟರ್, ವಿಮಾನದಲ್ಲಿ ಒಂದೇ ಗಂಟೆ. ಮೇಷ್ಟ್ರ ಬೆರಳು ಮಾತ್ರ ಎರಡು ಸಮುದ್ರ ದಾಟಿ ಸುತ್ತಿಕೊಂಡು ಹೋಯಿತು.

"ಭೂಮಿ ಗುಂಡಗಿದೆಯಲ್ಲಮ್ಮ, ನೆಟ್ಟಗೆ ಹೋಗೋಕಾಗಲ್ಲ. ಮೂರು ವಿಮಾನ ಹತ್ತಿ ಇಳೀಬೇಕು, ಹನ್ನೊಂದು ಗಂಟೆ. ನಿನ್ನ ಮಂಡಿ ತಡೆಯುತ್ತಾ?"

"ಅಯ್ಯೋ, ಬೇಡಪ್ಪಾ," ಅಂದಿದ್ದರು ಅಮ್ಮ, ನಕ್ಷೆಯನ್ನೇ ದಿಟ್ಟಿಸುತ್ತಾ. "ಮಕ್ಕಳಿಗೆ ಪಾಠ ಹೇಳೋನು ನೀನು. ನಿನಗೆ ಗೊತ್ತಿಲ್ದೇ ಇರುತ್ತಾ?"

ತಂಗಿಯ ಊರಿಗಾದರೆ ಹನ್ನೊಂದು ಗಂಟೆಯ ಕಥೆ ಕಟ್ಟಿ ಪಾರಾಗಿದ್ದರು. ಆದರೆ ದಂತವೈದ್ಯನ ಪಾರ್ಕು ಮನೆಯಿಂದ ಎರಡೇ ಹೆಜ್ಜೆ. ಮೇಷ್ಟ್ರ ಭೂಗೋಳ ಅಲ್ಲಿಗೆ ಕೈಕೊಟ್ಟಿತು. ಅಮ್ಮನ ಬಾಯಿ ಬಿಡಿಸಲು ತಂಗಿಯೇ ಸೈ, ಆದರೆ ಇಂಥದ್ದನ್ನು ಫೋನಿನಲ್ಲಿ ಹೇಳುವುದು ಹೇಗೆ?

ಮುಂದಿನ ಬುಧವಾರ ಮೇಷ್ಟ್ರು ಶಾಲೆಗೆ ಹೊರಟವರಂತೆ ಹೊರಟು, ಹೊಟ್ಟೆನೋವೆಂದು ರಜೆ ಹಾಕಿ, ಹತ್ತೂವರೆ ವಿಮಾನ ಹತ್ತಿದರು. ಗಗನಸಖಿ ಕೊಟ್ಟ ನೀರಿನ ಬಾಟಲಿ ಅರ್ಧ ಖಾಲಿಯಾಗುವಷ್ಟರಲ್ಲಿ ಊರು ಬಂತು.

ತಂಗಿಯದು ಮೂರನೆಯ ಮಹಡಿ. ಮೆಟ್ಟಿಲು ಹತ್ತುತ್ತಾ ಮಾತು ಜೋಡಿಸಿಕೊಂಡರು. "ಅಮ್ಮ ಕೈತಪ್ಪಿ ಹೋಗ್ತಿದ್ದಾಳೆ ಕಣೇ, ಏನಾದ್ರೂ ಮಾಡು," ಅನ್ನಬೇಕು. ಅಳು ಬಂದರೆ ಬರಲಿ. ಕಣ್ಣೊರೆಸಿಕೊಂಡು ಕರೆಗಂಟೆ ಒತ್ತಿದರು.

ಬಾಗಿಲು ತೆರೆದ ಅಮ್ಮ, ಹೆಗಲ ಮೇಲಿನ ಮಗುವಿನ ಬೆನ್ನು ತಟ್ಟುತ್ತಲೇ ಪಿಸುಗುಟ್ಟಿದರು: "ಶ್ಶ್! ಈಗಷ್ಟೇ ಕಣ್ಣು ಮುಚ್ಚಿದೆ. ಸದ್ದು ಮಾಡದೆ ಬಂದು ಉಣ್ಣು, ಮೂರೂವರೆ ವಿಮಾನಕ್ಕೆ ಇಬ್ಬರೂ ಒಟ್ಟಿಗೇ ಮನೆಗೆ ಹೋಗೋಣ."