ಒಂಗ್ನೂರಿನ ಸೀಟು

"ಇವತ್ತು ಹೊಂಗನೂರೊಳಕ್ಕೆ ಬಸ್ ಹೋಗಲ್ಲ, ಎಲ್ರೂ ಕ್ರಾಸಲ್ಲೇ ಇಳ್ಕಳಿ," ಎಂದ ಡ್ರೈವರ್, ಚನ್ನಪಟ್ಟಣದ ಸ್ಟ್ಯಾಂಡಿನಲ್ಲಿ ಗಾಡಿ ಸ್ಟಾರ್ಟ್ ಮಾಡುತ್ತಾ.

ಕಂಬಿ ಹಿಡಿದು ನಿಂತಿದ್ದ ಟೀಚರ್ ಶರಣಮ್ಮ ಬೀದರಿನಿಂದ ಹೊಂಗನೂರಿನ ಸ್ಕೂಲಿಗೆ ಬಂದು ಆರು ತಿಂಗಳು. ದಿನಾ ಬಸ್ಸಿನ ಬೋರ್ಡಿನಲ್ಲಿ ಬರೆದ ಹಾಗೇ, ಒಂದಕ್ಷರ ನುಂಗದೆ, "ಹೊಂಗನೂರು" ಎಂದು ಟಿಕೆಟ್ ಕೇಳುತ್ತಿದ್ದಳು. ಬಸ್ಸಿನವರು ಮುಸಿಮುಸಿ ನಗುತ್ತಿದ್ದರು. ಅದೇ ಊರಿನ ಬೋರಮ್ಮಜ್ಜಿ ದಿನಾ ತನ್ನ ಪಕ್ಕದ ಖಾಲಿ ಸೀಟಿಗೆ ಟವಲ್ ಹಾಸಿ, "ಜನ ಬತ್ತಾರೆ" ಎನ್ನುತ್ತಿದ್ದಳು. ಯಾರೂ ಬರುತ್ತಿರಲಿಲ್ಲ. ಶರಣಮ್ಮ ನಿಂತೇ ಹೋಗುತ್ತಿದ್ದಳು.

ಈಗ ಅವಳು ಡ್ರೈವರ್ ಹಿಂದಿನ ತಗಡನ್ನು ದಬದಬ ಬಡಿದಳು. "ಏನಣ್ಣಾ, ತಮಾಷೆನಾ? ಬಸ್ಸು ಒಂಗ್ನೂರ್ಗೆ ಹೋಗ್ಲೇಬೇಕು! ನಮ್ಮೂರ ಅಜ್ಜೀರು ಮಂಡಿನೋವು ಇಟ್ಕಂಡು ಕ್ರಾಸಿಂದ ನಡೀತಾರಾ?"

ಊರವರು ಕರೆಯುವ ಹೆಸರು ಅವಳಿಗೇ ಗೊತ್ತಾಗದಂತೆ ಬಾಯಿಗೆ ಬಂದಿತ್ತು. ಬಸ್ಸಿಗೆ ಬಸ್ಸೇ ಹೋ ಎಂದು ಕೂಗಿತು. ಡ್ರೈವರೂ ನಕ್ಕುಬಿಟ್ಟ. "ಆಯ್ತು ಬುಡಿ ಮೇಡಮ್ಮು, ಊರ ಬಾಗ್ಲಿಗೇ ಬುಡ್ತೀನಿ."

ಬೋರಮ್ಮಜ್ಜಿ ಟವಲ್ ಎತ್ತಿಕೊಂಡು, ಅದರಲ್ಲೇ ಸೀಟು ಒರೆಸಿದಳು.

"ಬಾರವ್ವ, ಕೂತ್ಕೊ. ಜನ ಬಂದಾಯ್ತು."